ಮರಿಯಾನೊ ರಿವೇರಾ ಮತ್ತು ರಿಲೀಫ್ ಪಿಚರ್‌ಗಳ ಬದುಕು: 652 ಸೇವ್‌ಗಳಲ್ಲಿ ನಿಜವಾದ ಕೆಲಸ ಎಷ್ಟು?

ಸೀಮ್_ಅಪ್
ಪಕ್ಕದ ಕ್ರಿಕೆಟ್ ಎಳೆಯಲ್ಲಿ ಒಂದು ಪ್ರಶ್ನೆ ಬಂತು. ಬೇಸ್‌ಬಾಲ್ ಅನ್ನೋ ಒಂಬತ್ತು ಇನ್ನಿಂಗ್ಸ್ ಆಟದಲ್ಲಿ ಕೊನೇ ಒಂದು ಇನ್ನಿಂಗ್ಸ್ ಎಸೆದು ಮನೆಗೆ ಹೋಗೋನಿಗೆ ಹಾಲ್ ಆಫ್ ಫೇಮ್‌ನಲ್ಲಿ 425ಕ್ಕೆ 425 ಮತ ಹೇಗೆ ಬಿತ್ತು ಅಂತ. ಕೇಳಿದ್ದು ಮರಿಯಾನೊ ರಿವೇರಾ ಅನ್ನೋ ರಿಲೀಫ್ ಪಿಚರ್ (ಪಂದ್ಯದ ಮಧ್ಯೆ ಬದಲಿಯಾಗಿ ಬಂದು ಚೆಂಡು ಎಸೆಯೋನು) ಬಗ್ಗೆ. 2019ರಲ್ಲಿ ಸರ್ವಾನುಮತದಿಂದ ಆಯ್ಕೆಯಾದ, ಬೇಬ್ ರೂತ್‌ಗೂ ಸಿಗದ ಗೌರವ ಪಡೆದ ಮೊದಲ ಆಟಗಾರ ಅವನು. ಅಲ್ಲಿ ಉತ್ತರಿಸಿದರೆ ಐಪಿಎಲ್ ಮಾತಲ್ಲಿ ಮುಳುಗಿಹೋಗುತ್ತೆ, ಅದಕ್ಕೇ ಈ ಹೊಸ ಎಳೆ.

ಮೊದಲು ಅಂಕಿಗಳು, ಆಮೇಲೆ ಜಗಳ. ಪನಾಮಾದ ಪುವೆರ್ಟೊ ಕೈಮಿಟೊ ಅನ್ನೋ ಮೀನುಗಾರರ ಊರಿನವನು. ಹುಟ್ಟಿದ್ದು 1969. 1990ರಲ್ಲಿ ನ್ಯೂಯಾರ್ಕ್ ಯಾಂಕೀಸ್ ಸಹಿ ಹಾಕಿಸಿಕೊಂಡಾಗ ಕೊಟ್ಟಿದ್ದು ಎರಡು-ಮೂರು ಸಾವಿರ ಡಾಲರ್ ಅಷ್ಟೇ. 1995ರಿಂದ 2013ರವರೆಗೆ 19 ಸೀಸನ್, ಎಲ್ಲವೂ ಒಂದೇ ತಂಡಕ್ಕೆ. 1,115 ಪಂದ್ಯ, ಇಆರ್‌ಎ 2.21 (ಅಂದರೆ ಪ್ರತಿ ಒಂಬತ್ತು ಇನ್ನಿಂಗ್ಸ್‌ಗೆ ಅವನ ಲೆಕ್ಕಕ್ಕೆ ಬಿದ್ದ ರನ್), 652 ಸೇವ್, 1,173 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್ ಔಟ್). ವಾಕ್ (ನಾಲ್ಕು ತಪ್ಪು ಎಸೆತಕ್ಕೆ ಬ್ಯಾಟರ್‌ಗೆ ಉಚಿತವಾಗಿ ಮೊದಲ ಬೇಸ್) ಕೊಟ್ಟಿದ್ದು ಬರೀ 286.

ಸೇವ್ ಅಂದರೆ ಏನು ಅನ್ನೋರಿಗೆ: 1969ರಿಂದ ಅಧಿಕೃತ ಲೆಕ್ಕ. ಗೆದ್ದ ತಂಡದ ಪರ ಪಂದ್ಯ ಮುಗಿಸಿರಬೇಕು, ಆದರೆ ಗೆಲುವು ಅವನ ಹೆಸರಿಗೇ ಬರೆದಿರಬಾರದು. ಜೊತೆಗೆ ಈ ಮೂರರಲ್ಲಿ ಒಂದು ಆಗಿರಬೇಕು. ಮೂರು ರನ್ ಅಥವಾ ಅದಕ್ಕಿಂತ ಕಡಿಮೆ ಮುನ್ನಡೆ ಇದ್ದಾಗ ಬಂದು ಒಂದು ಪೂರ್ತಿ ಇನ್ನಿಂಗ್ಸ್ ಎಸೆಯಬೇಕು. ಅಥವಾ ಸಮ ಮಾಡಬಲ್ಲ ರನ್ ಗಳಿಸೋನು ಬೇಸ್ ಮೇಲೋ, ಬ್ಯಾಟ್ ಹಿಡಿದೋ, ಮುಂದಿನ ಸರದಿಗೆ ಕಾದೋ ಇರುವಾಗ ಬರಬೇಕು. ಅಥವಾ ಮೂರು ಇನ್ನಿಂಗ್ಸ್ ಎಸೆದಿರಬೇಕು.

ಕಲಘಟಗಿ_ಕಾಕಾ
ಅಲ್ರೀ, ಸೇವ್ ಅನ್ನೂದ ಒಂದು ಮೋಸದ ಲೆಕ್ಕ ಐತಿ ನೋಡ್ರಿ. ಮೂರು ರನ್ ಮುಂದ ಇದ್ದಾಗ, ಬೇಸ್ ಮ್ಯಾಲ ಯಾರೂ ಇಲ್ಲದಾಗ ಬಂದು ಮೂರು ಔಟ್ ತಗೊಂಡ್ರ ಸೇವ್. ಎಂಟು ಇನ್ನಿಂಗ್ಸ್ ಮುಗಿದಾಗ ಮುಂದಿರೋ ತಂಡ ನೂರರಾಗ 95 ಸರ್ತಿ ಹೆಂಗೂ ಗೆಲ್ಲತೈತಿ, ಅದು ಯಾವ ಕಾಲದಾಗ ನೋಡಿದ್ರೂ ಹೆಚ್ಚುಕಡಿಮಿ ಅಷ್ಟ. ಮತ್ತ ಕೊನೀ ಇನ್ನಿಂಗ್ಸ್ ಒಗಿಯೋ ಕ್ಲೋಸರ್‌ದು ಏನು ದೊಡ್ಡಸ್ತಿಕಿ?

ಇನ್ನೊಂದು ಕೇಳ್ರಿ. 2007ರ ಆಗಸ್ಟ್‌ದಾಗ ಟೆಕ್ಸಸ್ ರೇಂಜರ್ಸ್ ಬಾಲ್ಟಿಮೋರ್ ಮ್ಯಾಲ 30-3ರಿಂದ ಗೆದ್ದರು. ವೆಸ್ ಲಿಟಲ್‌ಟನ್ ಬಂದಾಗ ಸ್ಕೋರು 14-3. ಮೂರು ಇನ್ನಿಂಗ್ಸ್ ಒಗದ, ಸೇವ್ ಸಿಕ್ತು! 27 ರನ್ ಅಂತರದ ಪಂದ್ಯದಾಗ "ಉಳಿಸಿದ" ಅಂತ ಬರದ್ರು. ಇಂಥಾ ಲೆಕ್ಕಾ ಹಿಡಕೊಂಡು ಯಾರ ದೊಡ್ಡವ ಅಂತ ಹೆಂಗ ಹೇಳೂದು?

ಶ್ರುತಿ_ಅಂಕಿ
ಕಾಕಾ ಹೇಳಿದ್ದು ಸೇವ್ ಬಗ್ಗೆ ಸರಿ, ರಿವೇರಾ ಬಗ್ಗೆ ಅಲ್ಲ. 652 ಅನ್ನೋದನ್ನ ಪಕ್ಕಕ್ಕಿಡಿ. ಅವನು ಕೈಬಿಟ್ಟ ಸೇವ್‌ಗಳೂ 80 ಇವೆ, ಅಂದರೆ ಯಶಸ್ಸು ಶೇ. 89. ಅದೊಂದೇ ನೋಡಿದರೆ ಅವನ ಸಮಕ್ಕೆ ಇನ್ನೂ ಹಲವರು ನಿಲ್ಲುತ್ತಾರೆ. ಎರಿಕ್ ಗಾನ್ಯೆ 2002ರಿಂದ 2004ರ ತನಕ ಸತತ 84 ಸೇವ್ ಮಾಡಿದ. ಒಂದೇ ಸೀಸನ್ನಿನ ದಾಖಲೆ 2008ರಲ್ಲಿ ಫ್ರಾನ್ಸಿಸ್ಕೊ ರಾಡ್ರಿಗೆಸ್ ಮಾಡಿದ 62, ರಿವೇರಾದ್ದಲ್ಲ.

ಬೇರೆ ಅಳತೆ ತಗೊಳ್ಳಿ. ಕಾಲಕ್ಕೂ ಮೈದಾನಕ್ಕೂ ಸರಿದೂಗಿಸಿದ ಇಆರ್‌ಎ ಪ್ಲಸ್‌ನಲ್ಲಿ ಸರಾಸರಿ ಪಿಚರ್ 100. ಸಾವಿರ ಇನ್ನಿಂಗ್ಸ್ ದಾಟಿದವರಲ್ಲಿ ರಿವೇರಾ 205, ಅದೇ ಅತಿ ಹೆಚ್ಚು. ಪೋಸ್ಟ್‌ಸೀಸನ್‌ನಲ್ಲಿ (ಸೀಸನ್ ಮುಗಿದ ಮೇಲಿನ ನಾಕೌಟ್ ಸರಣಿಗಳಲ್ಲಿ) 96 ಪಂದ್ಯ, 141 ಇನ್ನಿಂಗ್ಸ್, ಇಆರ್‌ಎ 0.70. ಅವನ ಲೆಕ್ಕಕ್ಕೆ ಬಿದ್ದಿದ್ದು ಒಟ್ಟು 11 ರನ್. ಎದುರಿಗಿದ್ದದ್ದು ಆ ವರ್ಷದ ಅತ್ಯುತ್ತಮ ತಂಡಗಳು, ಎಸೆದದ್ದು ಎಷ್ಟೋ ಸಲ ಒಂದಲ್ಲ, ಎರಡು ಇನ್ನಿಂಗ್ಸ್. 2003ರ ಅಕ್ಟೋಬರ್ 16ರಂದು ಬಾಸ್ಟನ್ ವಿರುದ್ಧದ ಸರಣಿಯ ಏಳನೇ ಪಂದ್ಯದಲ್ಲಿ ಒಂಬತ್ತರಿಂದ ಹನ್ನೊಂದನೇ ಇನ್ನಿಂಗ್ಸ್‌ವರೆಗೆ ಮೂರು ಇನ್ನಿಂಗ್ಸ್, 48 ಎಸೆತ, ರನ್ ಇಲ್ಲ. ಅಲ್ಲಿ ಅವನಿಗೆ ಸೇವ್ ಸಿಗಲಿಲ್ಲ. ಸ್ಕೋರು ಸಮ ಇತ್ತು, ಸಿಕ್ಕಿದ್ದು ಗೆಲುವು. ಅವನ ವೃತ್ತಿಯ ಅತಿ ಭಾರದ ಕೆಲಸಗಳಲ್ಲೊಂದು ಸೇವ್ ಪಟ್ಟಿಯಲ್ಲೇ ಇಲ್ಲ.

ಎಡಗೈ_ಶೆಟ್ರು
ಒಂದೇ ಬಗೆಯ ಎಸೆತದಲ್ಲಿ ರಿವೇರಾ ಇಷ್ಟೆಲ್ಲ ಮಾಡಿದ್ದು ಹೇಗೆ ಮಾರಾಯ್ರೆ? ಕಟರ್ ಅಂತ ಎಲ್ಲರಿಗೂ ಗೊತ್ತುಂಟು. ಬ್ಯಾಟರ್‌ಗೂ ಗೊತ್ತುಂಟು. ಆದರೂ ಹೊಡೆಯಲಿಕ್ಕೆ ಆಗುದಿಲ್ಲ ಅಂದರೆ ಅದರಲ್ಲಿ ಏನುಂಟು? ನಮ್ಮ ವೆಂಕಟೇಶ್ ಪ್ರಸಾದ್ ಹಾಕುತ್ತಿದ್ದ ಲೆಗ್ ಕಟರ್ ಜಾತಿಯದ್ದೇನಾ?

ಸೀಮ್_ಅಪ್
ಹೆಸರು ಒಂದೇ ಶೆಟ್ರೇ, ಕೆಲಸ ಬೇರೆ. ಪ್ರಸಾದ್ ಕಟರ್ ತಿರುಗಬೇಕಾದರೆ ಚೆಂಡು ನೆಲಕ್ಕೆ ಬಿದ್ದು ಪಿಚ್ ಹಿಡೀಬೇಕು, ವೇಗವೂ ಇಳಿದಿರುತ್ತೆ. ಬೇಸ್‌ಬಾಲ್ ಕಟರ್ ನೆಲ ಮುಟ್ಟೋದೇ ಇಲ್ಲ. ಪೂರಾ ಗಾಳಿಯಲ್ಲಿ ತಿರುಗುತ್ತೆ, ಮತ್ತೆ ಫಾಸ್ಟ್‌ಬಾಲ್‌ಗಿಂತ ಒಂದೆರಡು ಮೈಲಿ ಮಾತ್ರ ನಿಧಾನ. ರಿವೇರಾನದು ಉತ್ತಮ ವರ್ಷಗಳಲ್ಲಿ ಗಂಟೆಗೆ 92-95 ಮೈಲಿ, ಅಂದರೆ 150 ಕಿ.ಮೀ. ಆಸುಪಾಸು.

ಹಿಡಿತ ಹೀಗೆ (ಬಲಗೈಯವರಿಗೆ): ಮೊದಲು ಮಾಮೂಲಿ ಫೋರ್-ಸೀಮ್ ಹಿಡಿತ. ತೋರುಬೆರಳು, ಮಧ್ಯದ ಬೆರಳು ಎರಡೂ ಕುದುರೆಲಾಳದ ಆಕಾರದ ಹೊಲಿಗೆಗೆ ಅಡ್ಡ. ಈಗ ಎರಡೂ ಬೆರಳನ್ನ ಚೆಂಡಿನ ನಡುವಿನಿಂದ ಹೊರಬದಿಗೆ, ಹೆಬ್ಬೆರಳಿನಿಂದ ದೂರಕ್ಕೆ, ಅರ್ಧ ಬೆರಳಗಲ ಜರುಗಿಸಿ. ಹೆಬ್ಬೆರಳು ಕೆಳಗೆ, ಸ್ವಲ್ಪ ಒಳಬದಿಗೆ. ಒತ್ತಡವೆಲ್ಲ ಮಧ್ಯದ ಬೆರಳಿನ ತುದಿಯಲ್ಲಿ. ಮುಂಗೈ ತಿರುಗಿಸಬಾರದು, ಫಾಸ್ಟ್‌ಬಾಲ್ ಎಸೆದ ಹಾಗೇ ಎಸೀಬೇಕು. ಬೆರಳು ನಡುವಿನಲ್ಲಿ ಇಲ್ಲದ್ದರಿಂದ ಹಿಂದಕ್ಕೆ ಸುತ್ತುವ ಸ್ಪಿನ್ನಿನ ಅಕ್ಷ ಒಂದಿಷ್ಟು ವಾಲುತ್ತೆ, ಚೆಂಡು ಕೈಗವಸಿನ ಕಡೆಗೆ, ಅಂದರೆ ಎಡಗೈ ಬ್ಯಾಟರ್‌ನ ಮೈಗೆ, ಜರುಗುತ್ತೆ.

ಕೆಲವೇ ಇಂಚು. ಆದರೆ ಪಿಚರ್ ದಿಬ್ಬದಿಂದ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು, ಚೆಂಡು ತಲುಪೋಕೆ 0.4 ಸೆಕೆಂಡು. ಬ್ಯಾಟ್ ಬೀಸಬೇಕೋ ಬೇಡವೋ ಅನ್ನೋ ತೀರ್ಮಾನ ಅರ್ಧ ದಾರಿಯಲ್ಲೇ ಮುಗಿದಿರಬೇಕು. ಅಲ್ಲೀತನಕ ಅದು ನೇರ ಫಾಸ್ಟ್‌ಬಾಲ್ ಥರಾನೇ ಕಾಣುತ್ತೆ. ಬ್ಯಾಟಿನ ದಪ್ಪ ಭಾಗಕ್ಕೆ ಅಂತ ಬೀಸಿದ್ದು ಹಿಡಿಕೆ ಹತ್ತಿರದ ತೆಳ್ಳಗಿನ ಭಾಗಕ್ಕೆ ತಾಗುತ್ತೆ. ಮರ ಚಟ್ ಅಂತ ಒಡೆಯುತ್ತೆ, ಚೆಂಡು ಎರಡನೇ ಬೇಸ್‌ಮನ್ ಕಡೆಗೆ ಉರುಳುತ್ತೆ. 1999ರ ವರ್ಲ್ಡ್ ಸೀರೀಸ್ ಅನ್ನೋ ಫೈನಲ್ ಸರಣಿಯಲ್ಲಿ ಅಟ್ಲಾಂಟಾದ ರಯಾನ್ ಕ್ಲೆಸ್ಕೊ ಒಂದೇ ಸರದಿಯಲ್ಲಿ ಮೂರು ಬ್ಯಾಟ್ ಮುರಿಸಿಕೊಂಡ. 2013ರಲ್ಲಿ ಮಿನೆಸೋಟಾ ಟ್ವಿನ್ಸ್ ಬೀಳ್ಕೊಡುಗೆಗೆ ಕೊಟ್ಟಿದ್ದು ಮುರಿದ ಬ್ಯಾಟುಗಳಿಂದಲೇ ಮಾಡಿದ ತೂಗುಕುರ್ಚಿ.

ಎಡವೋದು ಎಲ್ಲಿ ಅಂದರೆ, ಜರುಗೋದು ಸಾಲದು ಅಂತ ಹುಡುಗರು ಮುಂಗೈ ತಿರುಗಿಸೋಕೆ ಶುರು ಮಾಡ್ತಾರೆ. ಆಗ ಅದು ಕಟರ್ ಆಗಿ ಉಳಿಯಲ್ಲ, ನಾಲ್ಕೈದು ಮೈಲಿ ನಿಧಾನದ ಅರೆಬೆಂದ ಸ್ಲೈಡರ್ (ಹೆಚ್ಚು ತಿರುಗೋ, ನಿಧಾನದ ಎಸೆತ) ಆಗುತ್ತೆ. ಪ್ಲೇಟಿನ ನಡುವೆ ನಿಂತುಬಿಟ್ಟರೆ ಹೋಮ್ ರನ್.

ಶ್ರುತಿ_ಅಂಕಿ
ಅದಕ್ಕೆ ಸೇರಿಸ್ತೀನಿ. ಬಲಗೈ ಪಿಚರ್‌ಗೆ ಎಡಗೈ ಬ್ಯಾಟರ್ ಅಂದರೆ ಸಾಮಾನ್ಯವಾಗಿ ತಲೆನೋವು. ರಿವೇರಾ ವಿಷಯದಲ್ಲಿ ಆ ಲಾಭ ಎಡಗೈಯವರಿಗೆ ಸಿಗಲೇ ಇಲ್ಲ. ಎದುರಾಳಿ ಮ್ಯಾನೇಜರ್ ಬೆಂಚಿನಿಂದ ಎಡಗೈ ಪಿಂಚ್ ಹಿಟರ್ (ಬದಲಿ ಬ್ಯಾಟರ್) ಕಳಿಸಿ ಉಪಯೋಗ ಇಲ್ಲ ಅಂತಾದಾಗ ಕ್ಲೋಸರ್ ಬೆಲೆ ಎಷ್ಟು ಏರುತ್ತೆ ಯೋಚಿಸಿ.

ಆದರೆ ಆ ಕಟರ್ 1997ರ ಬೇಸಿಗೆಯಲ್ಲಿ ಬಂದಿದ್ದು, ಅದೂ ರಾಮಿರೊ ಮೆಂಡೋಸಾ ಜೊತೆ ಸುಮ್ಮನೆ ಚೆಂಡು ಎಸೆದಾಡುವಾಗ. ಅದಕ್ಕೆ ಮೊದಲಿನ ವರ್ಷವೇ ಅವನು ಬರೀ ಮೇಲೇಳೋ ಫಾಸ್ಟ್‌ಬಾಲ್‌ನಲ್ಲಿ ಲೀಗನ್ನು ಅಲ್ಲಾಡಿಸಿದ್ದ. 1996ರಲ್ಲಿ ಕ್ಲೋಸರ್ ಜಾನ್ ವೆಟ್‌ಲ್ಯಾಂಡ್. ರಿವೇರಾ ಏಳು-ಎಂಟನೇ ಇನ್ನಿಂಗ್ಸ್ ನೋಡಿಕೊಳ್ತಿದ್ದ. 107 ಇನ್ನಿಂಗ್ಸ್ ದಾಟಿ ಎಸೆದ, ಇಆರ್‌ಎ 2.09, 130 ಸ್ಟ್ರೈಕ್‌ಔಟ್, ಸೇವ್ ಬರೀ 5. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿಯ ಮತದಾನದಲ್ಲಿ ಮೂರನೇ ಸ್ಥಾನ. ನನ್ನ ಪ್ರಕಾರ ಅವನ ಅತಿ ಬೆಲೆಬಾಳುವ ಸೀಸನ್ ಅದೇ.

ಕಲಘಟಗಿ_ಕಾಕಾ
ಹಾಂ, ಈಗ ಬಂದ್ರಿ ದಾರಿಗೆ. ಛಲೋ ರಿಲೀವರ್‌ನ ಒಂಬತ್ತನೇದಕ್ಕ ಅಂತ ಕಟ್ಟಿ ಹಾಕೂದ ತಪ್ಪು. 2016ರ ಅಕ್ಟೋಬರ್ 4, ಟೊರಾಂಟೊ. ಬಾಲ್ಟಿಮೋರ್ ಕ್ಲೋಸರ್ ಜಾಕ್ ಬ್ರಿಟನ್ ಆ ವರ್ಷ 47ಕ್ಕ 47 ಸೇವ್, ಇಆರ್‌ಎ 0.54. ಒಂದ ಪಂದ್ಯ, ಸೋತ್ರ ಮನಿಗೆ. ಹನ್ನೊಂದನೇ ಇನ್ನಿಂಗ್ಸ್‌ತನಕ ಸಮ ನಡೀತು. ಮ್ಯಾನೇಜರ್ ಬಕ್ ಶೋವಾಲ್ಟರ್ ಬ್ರಿಟನ್‌ಗ ಕೂಡಿಸೇ ಇಟ್ರು, ಮುನ್ನಡೆ ಬಂದ ಮ್ಯಾಲ ತರೋಣು ಅಂತ. ಉಬಾಲ್ಡೊ ಹಿಮೆನೆಸ್ ಒಗದ, ಎಡ್ವಿನ್ ಎನ್‌ಕಾರ್ನಾಸಿಯೊನ್ ಮೂರು ರನ್ ಹೋಮ್ ರನ್ ಹೊಡದ. ಆಟ ಖಲ್ಲಾಸ್. ಮುನ್ನಡೆ ಬರಲೇ ಇಲ್ಲ, ಬ್ರಿಟನ್ ಒಂದು ಚೆಂಡೂ ಒಗೀಲಿಲ್ಲ. ಒಂದು ಅಂಕಿ ಮನಷ್ಯಾನ ಕೈ ಕಟ್ಟಿಹಾಕಿದ್ದು ಅಂದ್ರ ಇದ.

ಫ್ರೀಮಾಂಟ್_ಕನ್ನಡಿಗ
ಎಲ್ಲರೂ ಶಿಖರದ ಬಗ್ಗೆಯೇ ಮಾತಾಡ್ತಿದ್ದೀರಿ. ರಿಲೀಫ್ ಪಿಚರ್ ವೃತ್ತಿ ಅಂದರೆ ನೂರಕ್ಕೆ ತೊಂಬತ್ತು ಜನರಿಗೆ ಸೂಟ್‌ಕೇಸ್ ಬದುಕು. ನಿಯಮಗಳನ್ನ ಒಂದು ಸಲ ನೋಡಿ.

ಒಂದು ತಂಡದ ಮುಖ್ಯ ಪಟ್ಟಿಯಲ್ಲಿ 40 ಜನ, ಅದರಲ್ಲಿ ಮೈದಾನಕ್ಕೆ ಲಭ್ಯ ಇರೋರು 26, ಆ 26ರಲ್ಲಿ ಪಿಚರ್‌ಗಳು 13ಕ್ಕಿಂತ ಹೆಚ್ಚಿರಬಾರದು. ಪಂದ್ಯ ಶುರು ಮಾಡೋ ಐವರು ಸ್ಟಾರ್ಟರ್ ಕಳೆದರೆ ಬುಲ್‌ಪೆನ್‌ಗೆ (ರಿಲೀವರ್‌ಗಳ ಬಳಗಕ್ಕೆ) ಎಂಟು ಜಾಗ. ಅದರಲ್ಲಿ ಕೊನೆಯ ಎರಡು ಜಾಗ ಯಾರ ಹೆಸರಲ್ಲೂ ಇರಲ್ಲ. ಮಂಗಳವಾರ ಪಂದ್ಯ ಹದಿಮೂರು ಇನ್ನಿಂಗ್ಸ್ ಎಳೆದರೆ ಬುಧವಾರ ಬೆಳಿಗ್ಗೆ ಒಬ್ಬನನ್ನ ಟ್ರಿಪಲ್-ಎಗೆ (ಮೇಜರ್ ಲೀಗ್‌ಗಿಂತ ಒಂದು ಮೆಟ್ಟಿಲು ಕೆಳಗಿನ ಲೀಗ್) ಕಳಿಸಿ, ದಣಿಯದ ಕೈ ಒಂದನ್ನ ಕರೆಸ್ತಾರೆ. ಹೋದವನು ಕೆಟ್ಟದಾಗಿ ಎಸೆದಿರಬೇಕಂತಿಲ್ಲ. ಮೂರು ಇನ್ನಿಂಗ್ಸ್ ಎಸೆದು ತಂಡವನ್ನ ಕಾಪಾಡಿದ್ದೇ ಅವನ ತಪ್ಪು, ಇನ್ನು ಮೂರು ದಿನ ಅವನು ಉಪಯೋಗಕ್ಕಿಲ್ಲ ಅಲ್ವಾ.

ಹೀಗೆ ಕಳಿಸೋದಕ್ಕೆ ಆಪ್ಷನ್ ಅಂತಾರೆ. ಒಬ್ಬನಿಗೆ ಸಾಮಾನ್ಯವಾಗಿ ಮೂರು ಆಪ್ಷನ್ ವರ್ಷ. 2022ರ ಒಪ್ಪಂದದಿಂದ ಒಂದು ಸೀಸನ್ನಿನಲ್ಲಿ ಐದು ಸಲಕ್ಕಿಂತ ಹೆಚ್ಚು ಕಳಿಸೋ ಹಾಗಿಲ್ಲ. ಕಳಿಸಿದ ಪಿಚರ್ ಕನಿಷ್ಠ 15 ದಿನ ಕೆಳಗೇ ಇರಬೇಕು, ಮೇಲೆ ಯಾರಿಗಾದರೂ ಗಾಯ ಆದರೆ ಮಾತ್ರ ವಿನಾಯಿತಿ. ಮೂರೂ ವರ್ಷ ಮುಗಿದ ಮೇಲೆ ಕಳಿಸಬೇಕಂದ್ರೆ ವೇವರ್ಸ್ ದಾಟಬೇಕು, ಬೇರೆ ಯಾವ ತಂಡ ಬೇಕಾದರೂ ಎತ್ತಿಕೊಳ್ಳಬಹುದು. ಒಂದೇ ವರ್ಷದಲ್ಲಿ ನಾಲ್ಕು ತಂಡದ ಟೋಪಿ ಹಾಕೋ ರಿಲೀವರ್‌ಗಳು ಹುಟ್ಟೋದು ಹೀಗೆ.

ದುಡ್ಡು ದಿನದ ಲೆಕ್ಕ. 172 ದಿನ ಮೇಜರ್ ಲೀಗ್‌ನಲ್ಲಿದ್ದರೆ ಒಂದು ವರ್ಷದ ಸೇವೆ. ಮೂರು ವರ್ಷಕ್ಕೆ ಸಂಬಳದ ಮಧ್ಯಸ್ಥಿಕೆ, ಆರು ವರ್ಷಕ್ಕೆ ಫ್ರೀ ಏಜೆನ್ಸಿ, ಅಂದರೆ ಯಾವ ತಂಡಕ್ಕಾದರೂ ಹೋಗೋ ಸ್ವಾತಂತ್ರ್ಯ. 2025ರ ಕನಿಷ್ಠ ಸಂಬಳ 7,60,000 ಡಾಲರ್. ಮೇಲಿದ್ದಷ್ಟು ದಿನಕ್ಕೆ ಮಾತ್ರ ಆ ದರ. ತುದಿಯಲ್ಲಿರೋರ ಕಥೆ ಬೇರೆ: ಎಡ್ವಿನ್ ಡಿಯಾಸ್‌ಗೆ 2022ರ ಕೊನೆಗೆ ಮೆಟ್ಸ್ ಕೊಟ್ಟಿದ್ದು ಐದು ವರ್ಷಕ್ಕೆ 10.2 ಕೋಟಿ ಡಾಲರ್. ಮರುವರ್ಷ ಮಾರ್ಚ್‌ನಲ್ಲೇ ವರ್ಲ್ಡ್ ಬೇಸ್‌ಬಾಲ್ ಕ್ಲಾಸಿಕ್ ಗೆಲುವಿನ ಕುಣಿತದಲ್ಲಿ ಮೊಣಕಾಲು ಹೋಗಿ ಇಡೀ ಸೀಸನ್ ಹೊರಗೆ.

ರಿವೇರಾನೂ ಈ ಜರಡಿಯಿಂದ ಜಾರಬಹುದಾಗಿತ್ತು. 1992ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ ಆದ ಮೇಲೆ ಯಾಂಕೀಸ್ ಅವನನ್ನ ಎಕ್ಸ್‌ಪ್ಯಾನ್ಷನ್ ಡ್ರಾಫ್ಟ್‌ನಲ್ಲಿ (ಹೊಸ ತಂಡಗಳು ಹಳೇ ತಂಡಗಳಿಂದ ಆಟಗಾರರನ್ನ ಆರಿಸಿಕೊಳ್ಳೋದು) ರಕ್ಷಿಸಲೇ ಇಲ್ಲ. ಹೊಸ ತಂಡಗಳಾದ ಕೊಲರಾಡೊ, ಫ್ಲೋರಿಡಾ ಎರಡೂ ಅವನನ್ನ ಬಿಟ್ಟವು. 1995ರಲ್ಲಿ ಡೇವಿಡ್ ವೆಲ್ಸ್‌ಗಾಗಿ ಡೆಟ್ರಾಯಿಟ್‌ಗೆ ಕೊಡೋ ಮಾತು ನಡೆದಿತ್ತು. ಅಷ್ಟರಲ್ಲಿ ಟ್ರಿಪಲ್-ಎ ಕೊಲಂಬಸ್‌ನಲ್ಲಿ 90 ಮೈಲಿ ಎಸೀತಿದ್ದವನು ಇದ್ದಕ್ಕಿದ್ದಂತೆ 95 ದಾಟಿದ್ದಾನೆ ಅಂತ ರಾಡಾರ್ ವರದಿ ಬಂತು, ಮಾತುಕತೆ ಅಲ್ಲಿಗೇ ನಿಂತಿತು.

ಎಡಗೈ_ಶೆಟ್ರು
ಬುಲ್‌ಪೆನ್‌ನಲ್ಲಿ ಕೂತವ ತಯಾರಾಗುದು ಹೇಗೆ? ಸ್ಟಾರ್ಟರ್‌ಗೆ ಐದು ದಿನ ಮೊದಲೇ ಗೊತ್ತುಂಟು. ಇವನಿಗೆ ಫೋನ್ ಬಂದ ಮೇಲೆ ಎಷ್ಟು ನಿಮಿಷ?

ಸೀಮ್_ಅಪ್
ಐದರಿಂದ ಹತ್ತು ನಿಮಿಷ ಅಂತಿಟ್ಟುಕೊಳ್ಳಿ, ಕೆಲವು ಸಲ ಅದೂ ಇಲ್ಲ. ಅದಕ್ಕೇ ಅನುಭವಿಗಳು ಫೋನಿಗೆ ಕಾಯಲ್ಲ. ಐದು-ಆರನೇ ಇನ್ನಿಂಗ್ಸ್‌ಗೆ ಎದ್ದು ಸೊಂಟ, ಭುಜ ಸಡಿಲ ಮಾಡ್ತಾರೆ, ರಬ್ಬರ್ ಬ್ಯಾಂಡ್ ಎಳೀತಾರೆ. ಎದುರಾಳಿ ಬ್ಯಾಟಿಂಗ್ ಸರದಿ ನೋಡಿ ತನ್ನ ಪಾಳಿ ಯಾವಾಗ ಅಂತ ಅಂದಾಜು ಮಾಡ್ತಾರೆ. ಕರೆ ಬಂದ ಮೇಲೆ 15ರಿಂದ 25 ಎಸೆತ: ಮೊದಲ ಐದಾರು ನಿಂತ ಕ್ಯಾಚರ್‌ಗೆ ಅರ್ಧ ಬಲದಲ್ಲಿ, ಆಮೇಲೆ ಕ್ಯಾಚರ್ ಕೂರ್ತಾನೆ, ಫಾಸ್ಟ್‌ಬಾಲ್ ಎರಡೂ ಬದಿಗೆ, ನಂತರ ಬ್ರೇಕಿಂಗ್ ಬಾಲ್ (ತಿರುಗೋ ಎಸೆತ), ಕೊನೆಯ ಮೂರು-ನಾಲ್ಕು ಮಾತ್ರ ಪೂರ್ತಿ ಬಲದಲ್ಲಿ. ದಿಬ್ಬಕ್ಕೆ ಬಂದ ಮೇಲೆ ಮತ್ತೆ ಕೆಲವು.

ಇಲ್ಲೊಂದು ಕಾಣದ ಹೊರೆ ಇದೆ. ಬಿಸಿಯಾಗಿ ನಿಂತವನನ್ನ ಆಟಕ್ಕೆ ಕರೆಯದೇ ಕೂರಿಸೋದು. ಸ್ಕೋರ್‌ಕಾರ್ಡಿನಲ್ಲಿ ಅವನಿಗೆ ಅವತ್ತು ರಜೆ, ಕೈಗೆ ಮಾತ್ರ 25 ಎಸೆತ. ಒಂದೇ ಸಂಜೆ ಎರಡು ಸಲ ಏಳಿಸಿದರೆ ಇನ್ನೂ ಕೆಟ್ಟದ್ದು. ಒಳ್ಳೆ ಬುಲ್‌ಪೆನ್ ಕೋಚ್ ಇದನ್ನೂ ಬರೆದಿಡ್ತಾನೆ, ಮರುದಿನ ಮ್ಯಾನೇಜರ್‌ಗೆ "ಇವನಿಲ್ಲ" ಅಂತಾನೆ. ಎರಡು ದಿನ ಸತತ ಮಾಮೂಲು. ಮೂರನೇ ದಿನ ಈಗ ಅಪರೂಪ. 1974ರಲ್ಲಿ ಮೈಕ್ ಮಾರ್ಷಲ್ 106 ಪಂದ್ಯಗಳಲ್ಲಿ 208 ಇನ್ನಿಂಗ್ಸ್ ರಿಲೀಫ್ ಎಸೆದ. ಇವತ್ತು ಯಾರನ್ನಾದರೂ ಹಾಗೆ ಬಳಸಿದರೆ ಏಜೆಂಟ್ ಫೋನ್ ಮಾಡೋಕೆ ಮುಂಚೆ ಡಾಕ್ಟರ್ ಫೋನ್ ಮಾಡ್ತಾರೆ.

ಶ್ರುತಿ_ಅಂಕಿ
ಗಾಯದ ಲಕ್ಷಣ ಬರೋ ಕ್ರಮ ಗಮನಿಸಿ. ಮೊದಲು ಹೋಗೋದು ವೇಗ ಅಲ್ಲ, ಗುರಿ. ಚೆಂಡು ಬಿಡೋ ಜಾಗ ಒಂದೆರಡು ಇಂಚು ಇಳಿಯುತ್ತೆ, ಎಸೆತಗಳು ಪ್ಲೇಟಿನ ಮೇಲ್ಭಾಗಕ್ಕೆ ತೇಲುತ್ತವೆ, ವಾಕ್ ಹೆಚ್ಚುತ್ತೆ. ವೇಗ ಇಳಿಯೋದು ಆಮೇಲೆ. ಮುಂಗೈ ಒಳಭಾಗ ಬಿಗಿಯಾಗಿದೆ ಅಂತ ತಂಡದ ಪ್ರಕಟಣೆ ಬಂದರೆ ಮೊಣಕೈ ಒಳಗಿನ ಲಿಗಮೆಂಟ್ ಬಗ್ಗೆ ಚಿಂತೆ ಶುರು. ಟಾಮಿ ಜಾನ್ ಶಸ್ತ್ರಚಿಕಿತ್ಸೆ (1974ರಲ್ಲಿ ಡಾ. ಫ್ರ್ಯಾಂಕ್ ಜೋಬ್ ಮೊದಲು ಮಾಡಿದ್ದು) ಆದರೆ ವಾಪಸಾಗೋಕೆ 12ರಿಂದ 18 ತಿಂಗಳು. ಭುಜ ಅದಕ್ಕಿಂತ ಅಪಾಯ. ಟ್ರೆವರ್ ಹಾಫ್‌ಮನ್ ಭುಜ ಕೆಟ್ಟು ವೇಗ ಕಳಕೊಂಡ ಮೇಲೆ ಚೇಂಜ್‌ಅಪ್ (ಫಾಸ್ಟ್‌ಬಾಲ್ ಥರ ಕಾಣೋ ನಿಧಾನದ ಎಸೆತ) ನಂಬಿ 601 ಸೇವ್ ಮಾಡಿದ, ಆದರೆ ಅಂಥವರು ಎಷ್ಟು ಜನ?

ರಿವೇರಾ ಎಸೆಯೋ ಕೈ ಮಾತ್ರ ಕೊನೇತನಕ ನಿಂತಿತು. ದೊಡ್ಡ ಗಾಯ ಆಗಿದ್ದು 2012ರ ಮೇ 3ರಂದು ಕ್ಯಾನ್ಸಸ್ ಸಿಟಿಯಲ್ಲಿ, ಅದೂ ಬ್ಯಾಟಿಂಗ್ ಅಭ್ಯಾಸದ ವೇಳೆ ಔಟ್‌ಫೀಲ್ಡ್‌ನಲ್ಲಿ ಕ್ಯಾಚ್ ಹಿಡಿಯೋಕೆ ಓಡಿ ಮೊಣಕಾಲಿನ ಎಸಿಎಲ್ ಹರಿದು. 42 ವಯಸ್ಸು. ಮರುವರ್ಷ ಬಂದು 44 ಸೇವ್, ಇಆರ್‌ಎ 2.11.

ಕಲಘಟಗಿ_ಕಾಕಾ
ಎಲ್ಲಾ ಖರೆ. 2001 ಯಾಕ ಯಾರೂ ಎತ್ತವಲ್ರಿ?

ಸೀಮ್_ಅಪ್
ಎತ್ತೋಣ. ನವೆಂಬರ್ 4, ಫೀನಿಕ್ಸ್, ಅರಿಜೋನಾ ವಿರುದ್ಧ ವರ್ಲ್ಡ್ ಸೀರೀಸ್ ಏಳನೇ ಪಂದ್ಯ. ಯಾಂಕೀಸ್ 2-1 ಮುಂದೆ. ಎಂಟನೇ ಇನ್ನಿಂಗ್ಸ್‌ನಲ್ಲಿ ರಿವೇರಾ ಮೂವರನ್ನ ಸ್ಟ್ರೈಕ್‌ಔಟ್ ಮಾಡಿದ್ದ. ಒಂಬತ್ತರಲ್ಲಿ ಮಾರ್ಕ್ ಗ್ರೇಸ್ ಸಿಂಗಲ್. ಡೇಮಿಯನ್ ಮಿಲ್ಲರ್ ಬಂಟ್ ಮಾಡಿದ (ಬ್ಯಾಟ್ ಬೀಸದೆ ಚೆಂಡನ್ನ ಮೆಲ್ಲಗೆ ತಟ್ಟಿದ), ರಿವೇರಾ ಚೆಂಡು ಎತ್ತಿ ಎರಡನೇ ಬೇಸ್‌ಗೆ ಎಸೆದಿದ್ದು ದಾರಿ ತಪ್ಪಿತು. ಇನ್ನಿಂಗ್ಸ್ ಕೆಟ್ಟಿದ್ದು ಇಲ್ಲೇ. ಮೊದಲ ಬೇಸ್‌ಗೆ ಎಸೆದಿದ್ದರೆ ಒಂದು ಔಟ್ ಖಾತ್ರಿ ಇತ್ತು. ಮುಂದಿನ ಬಂಟ್‌ಗೆ ಮೂರನೇ ಬೇಸ್‌ನಲ್ಲಿ ಒಂದು ಔಟ್ ಸಿಕ್ಕಿತು. ಟೋನಿ ವೊಮ್ಯಾಕ್ ಡಬಲ್, ಸ್ಕೋರು ಸಮ. ಕ್ರೇಗ್ ಕೌನ್ಸೆಲ್‌ಗೆ ಚೆಂಡು ತಾಗಿತು, ಬೇಸ್‌ಗಳು ಭರ್ತಿ.

ಒಂದೇ ಔಟ್ ಆಗಿದ್ದರಿಂದ ಮನೆಗೆ ಓಡೋ ರನ್ ತಡೆಯೋಕೆ ಇನ್‌ಫೀಲ್ಡ್ ಒಳಗೆ ಬರಲೇಬೇಕು. ಎದುರಿಗೆ ಎಡಗೈ ಲೂಯಿಸ್ ಗೊನ್ಸಾಲೆಸ್. ಟಿವಿಯಲ್ಲಿ ಟಿಮ್ ಮೆಕಾರ್ವರ್ ಆಗಲೇ ಎಚ್ಚರಿಸಿದ್ದರು: ರಿವೇರಾ ಎಡಗೈಯವರ ಮೈಗೆ ಎಸೀತಾನೆ, ಮುರಿದ ಬ್ಯಾಟಿನ ಹೊಡೆತ ಇನ್‌ಫೀಲ್ಡ್ ಹಿಂದೆ ಬೀಳುತ್ತೆ ಅಂತ. ಹಾಗೇ ಆಯಿತು. ಕಟರ್ ತನ್ನ ಕೆಲಸ ಮಾಡಿತು, ಹಿಡಿಕೆಗೆ ತಾಗಿತು, ಚೆಂಡು ಯಾಂಕೀಸ್ ಇನ್‌ಫೀಲ್ಡರ್ ಡೆರೆಕ್ ಜೀಟರ್ ತಲೆ ಮೇಲೆ ಮೆತ್ತಗೆ ಹೋಗಿ ಹುಲ್ಲಿಗೆ ಬಿತ್ತು, ಯಾಂಕೀಸ್ ಸರಣಿ ಸೋತಿತು. ಜೀಟರ್ ಮಾಮೂಲಿ ಜಾಗದಲ್ಲಿದ್ದಿದ್ದರೆ ಸುಲಭದ ಕ್ಯಾಚ್. ಮೆಲ್ಲಗಿನ ಹೊಡೆತ ಹುಟ್ಟಿಸಿ ಬದುಕೋ ಪಿಚರ್‌ನ ದುರ್ಬಲ ಜಾಗ ಇದೊಂದೇ. ಅಲ್ಲಿ ಬೇಕಾಗಿದ್ದು ಸ್ಟ್ರೈಕ್‌ಔಟ್.

ಫ್ರೀಮಾಂಟ್_ಕನ್ನಡಿಗ
2004ರದ್ದನ್ನೂ ಹೇಳಿಬಿಡಿ. ಬಾಸ್ಟನ್, ಎಎಲ್‌ಸಿಎಸ್ (ಅಮೆರಿಕನ್ ಲೀಗ್ ಚಾಂಪಿಯನ್‌ಶಿಪ್ ಸರಣಿ) ನಾಲ್ಕನೇ ಪಂದ್ಯ, ಒಂಬತ್ತನೇ ಇನ್ನಿಂಗ್ಸ್. ಕೆವಿನ್ ಮಿಲರ್‌ಗೆ ವಾಕ್, ಅವನ ಬದಲು ಓಡೋಕೆ ಡೇವ್ ರಾಬರ್ಟ್ಸ್. ರಿವೇರಾ ಮೊದಲ ಬೇಸ್‌ಗೆ ಮೂರು ಸಲ ಎಸೆದು ಹೆದರಿಸಿದ. ಆದರೂ ಮೊದಲ ಪಿಚ್‌ಗೇ ರಾಬರ್ಟ್ಸ್ ಎರಡನೇ ಬೇಸ್ ಕದ್ದ, ಬಿಲ್ ಮಿಲ್ಲರ್ ಸಿಂಗಲ್ ಹೊಡೆದು ಸಮ ಮಾಡಿದ. 2023ರ ನಿಯಮದಲ್ಲಿ ಆ ಮೂರನೇ ಎಸೆತದಲ್ಲಿ ಔಟ್ ಸಿಗದಿದ್ದರೆ ಅದೇ ಬಾಕ್ (ಪಿಚರ್‌ನ ತಪ್ಪು, ಓಟಗಾರನಿಗೆ ಒಂದು ಬೇಸ್ ಉಚಿತ). ಕದಿಯೋ ಶ್ರಮವೇ ಇಲ್ಲದೆ ರಾಬರ್ಟ್ಸ್ ಎರಡನೇ ಬೇಸ್‌ಗೆ ನಡೆದು ಹೋಗ್ತಿದ್ದ. ಇವತ್ತಿನ ರಿಲೀವರ್‌ಗೆ ಪಿಚ್ ಕ್ಲಾಕ್ (ಪ್ರತಿ ಎಸೆತಕ್ಕೆ ಸಮಯದ ಮಿತಿ) ಬೇರೆ. ಬೇಸ್ ಖಾಲಿ ಇದ್ದರೆ 15 ಸೆಕೆಂಡು, ಓಟಗಾರ ಇದ್ದರೆ 2024ರಿಂದ 18. 2020ರಿಂದ ಕನಿಷ್ಠ ಮೂರು ಬ್ಯಾಟರ್‌ಗಳನ್ನ ಎದುರಿಸಬೇಕು, ಇಲ್ಲವೇ ಇನ್ನಿಂಗ್ಸ್ ಮುಗಿಸಬೇಕು. ಒಬ್ಬನೇ ಎಡಗೈಯವನಿಗೆ ಅಂತ ಬಂದು ಹೋಗ್ತಿದ್ದ ಎಡಗೈ ತಜ್ಞರ ಕೆಲಸ ಅಲ್ಲಿಗೆ ಮುಗೀತು. 1,252 ಪಂದ್ಯ ಆಡಿದ ಜೆಸ್ಸಿ ಒರೊಸ್ಕೊ ದಾಖಲೆ ಇನ್ನು ಮುರಿಯೋದು ಕಷ್ಟ.

ಶ್ರುತಿ_ಅಂಕಿ
ರಿಲೀವರ್‌ನ ಅಳೆಯೋರಿಗೆ ಒಂದು ಮಾತು. ವರ್ಷಕ್ಕೆ 60-70 ಇನ್ನಿಂಗ್ಸ್ ಅಂದರೆ ತೀರಾ ಸಣ್ಣ ಮಾದರಿ, ಎರಡು ಕೆಟ್ಟ ಸಂಜೆ ಇಆರ್‌ಎಯನ್ನ 2.50ರಿಂದ 3.50ಕ್ಕೆ ಎಳೆಯುತ್ತೆ. ಜೊತೆಗೆ, ಬೇರೆಯವನು ಬಿಟ್ಟುಹೋದ ಓಟಗಾರರು ಇವನು ಎಸೆಯುವಾಗ ರನ್ ಗಳಿಸಿದರೂ ಅದು ಹಿಂದಿನವನ ಲೆಕ್ಕಕ್ಕೆ. ಆದ್ದರಿಂದ ಸ್ಟ್ರೈಕ್‌ಔಟ್ ಪ್ರಮಾಣದಿಂದ ವಾಕ್ ಪ್ರಮಾಣ ಕಳೆದು ನೋಡಿ, ಬಳುವಳಿಯಾಗಿ ಬಂದ ಓಟಗಾರರಲ್ಲಿ ಎಷ್ಟು ಜನ ದಾಟಿದರು ನೋಡಿ, ಎಂಥ ಬಿಕ್ಕಟ್ಟಿನಲ್ಲಿ ಕರೆಸಿದ್ದರು ಅನ್ನೋದಕ್ಕೆ ಲೆವರೇಜ್ ಇಂಡೆಕ್ಸ್ ನೋಡಿ. ಅದರಲ್ಲಿ 1 ಅಂದರೆ ಸಾಧಾರಣ ಸನ್ನಿವೇಶ.

ಎಡಗೈ_ಶೆಟ್ರು
ಒಂದು ಕಡೆಯ ಪ್ರಶ್ನೆ. ಮೂರು ರನ್ ಮುನ್ನಡೆ, ಒಂಬತ್ತನೇದರಲ್ಲಿ ಎರಡು ಔಟ್ ಆಗಿದೆ, ಕ್ಲೋಸರ್ ಬಂದು ಒಂದೇ ಔಟ್ ತಗೊಂಡ. ಸೇವ್ ಉಂಟಾ ಇಲ್ವಾ?

ಸೀಮ್_ಅಪ್
ಬೇಸ್ ಖಾಲಿ ಇದ್ದರೆ ಇಲ್ಲ, ಒಬ್ಬ ಓಟಗಾರ ಇದ್ದರೆ ಉಂಟು. ಬೇಸ್ ಮೇಲಿರೋರ ಸಂಖ್ಯೆಗೆ ಎರಡು ಸೇರಿಸಿ (ಬ್ಯಾಟ್ ಹಿಡಿದವನು, ಅವನ ಹಿಂದೆ ಕಾಯ್ತಿರೋನು). ಮುನ್ನಡೆ ಅದಕ್ಕೆ ಸಮ ಅಥವಾ ಕಡಿಮೆ ಇದ್ದರೆ ಸೇವ್ ಅವಕಾಶ. ಹಾಗಾಗಿ ಬೇಸ್‌ಗಳು ಭರ್ತಿ ಇದ್ದರೆ ಐದು ರನ್ ಮುಂದಿದ್ದರೂ ಸಿಗುತ್ತೆ.

ಕಲಘಟಗಿ_ಕಾಕಾ
ಅದಾ ಖರೇ ಸೇವ್. ಉಳಿದದ್ದೆಲ್ಲಾ ಹಾಜರಿ ಪುಸ್ತಕ.